ಬಲಗೈ ಬೆನ್ನ ಹಿಂದೆ

ಕಾಲುವೆ ಕ್ಯಾಂಪು,
ಶಹಾಪುರ ತಾಲೂಕು
೨೫-೮-೧೯೯೬, ರವಿವಾರ

ಮಗಳು ದೇವಕಮ್ಮಳಿಗೆ ಅಪ್ಪ ತಿಮ್ಮಣ್ಣ ಬರೆಯುವುದು. ನಾನು ಆರಾಮ ಇದ್ದೇನೆ. ನೀನೂ ಆರಾಮ ಇರಬೇಕು.

ನಾಗರ ಪಂಚಮಿಗೆ ಬರುತ್ತೀ ಎಂದು ಎರಡು ದಿನ ಯಾದಗಿರಿ ಬಸ್ಸಿನ ಹೊತ್ತಿಗೆ ಕಾಲುವೆ ಗೇಟಿನ ಕೆಲಸ ಬಿಟ್ಟು ರಸ್ತೆಗೆ ಬಂದು ನಿಂತಿದ್ದೆ. ಬಸ್ಸು ನಿಲ್ಲಲೇ ಇಲ್ಲ. ಸುರಪುರದಿಂದ ನಿನ್ನ ಸುಂದ್ರಮ್ಮತ್ತೆ ಜೋಳದ ಅಳ್ಳು, ಶೇಂಗಾ ಉಂಡಿ ಕಳಿಸಿದ್ದಳು. ಅಳ್ಳು ಮೆತ್ತಗಾಗಿ ಹೋದವು. ಉಂಡಿ ಡಬ್ಬಿಯಲ್ಲಿ ಇಟ್ಟಿದ್ದೇನೆ.

ನಿನ್ನ ಅವ್ವ ಹೋಗಿ ಐದು ತಿಂಗಳಾಯಿತು. ಕಾಲುವೆಗೆ ನೀರು ಬಿಟ್ಟಿದ್ದಾರೆ. ನಾನು ಗೇಟಿನ ಹ್ಯಾಂಡಲ್ ತಿರುಗಿಸುವಾಗ ಅವಳು ರೊಟ್ಟಿ ಗಂಟು ಹಿಡಿದು ಕಟ್ಟೆಯ ಮೇಲೆ ಕುಳಿತು ಸುತ್ತು ಎಣಿಸುತ್ತಿದ್ದಳು, ನಿನಗೆ ಗೊತ್ತಲ್ಲ. ಈಗ ನಾನೇ ಎಣಿಸುತ್ತೇನೆ, ಎಣಿಕೆ ತಪ್ಪುತ್ತದೆ. ಹೋದ ವಾರ ಹತ್ತು ಸುತ್ತು ಹೆಚ್ಚಿಗೆ ಎತ್ತಿ ಸಂಗಣ್ಣನ ಹೊಲದ ತುಂಬ ನೀರು ನಿಲ್ಲಿಸಿಬಿಟ್ಟೆ. ಅವನು ಓಡಿ ಬಂದು, "ತಿಮ್ಮಣ್ಣಾ, ನಿನ್ನ ದುಃಖ ನಿನ್ನ ಕಡಿ ಇರ್ಲಿ. ನನ್ನ ಹತ್ತಿ ಯಾಕ ಮುಳಗಸ್ತಿ?" ಅಂದ. ಅಂದವನೇ ಆಮೇಲೆ ನನ್ನ ಪಕ್ಕ ಕುಳಿತು ಒಂದು ಬೀಡಿ ಕೊಟ್ಟ.

ಅವ್ವ ತೀರಿಕೊಂಡ ದಿನ ನೀನು ಅಳಲಿಲ್ಲ. ಮಂದಿ ಆಡಿದ್ದು ನನ್ನ ಕಿವಿಗೂ ಬಿತ್ತು. ನಿನ್ನ ಮನಸ್ಸಿನಲ್ಲಿ ಅವಳ ಮೇಲೆ ಏನಿದೆ ಎಂದು ನನಗೆ ಗೊತ್ತು. ಆದರೆ ಯುಗಾದಿ ಆದ ಮೂರನೆಯ ದಿನಕ್ಕೆ ವರ್ಷ ತುಂಬುತ್ತದೆ. ಆ ದಿನ ಎಡೆ ಇಡುವುದಕ್ಕೆ ನೀನು ಬರಬೇಕು. ಇನ್ನೂ ದೂರ ಇದೆ, ಈಗಲೇ ಹೇಳಿ ಇಡುತ್ತಿದ್ದೇನೆ. ಅವಳಿಗೆ ನೀನೊಬ್ಬಳೇ ಮಗಳು.

ಹಾಸ್ಟೆಲಿನಲ್ಲಿ ಆಟಕ್ಕೆ ಸೇರಿದ್ದೀ ಎಂದು ಕಂಡಕ್ಟರ್ ಲಾಡ್ಲೇಸಾಬ ಹೇಳಿದ. ಯಾವ ಆಟ ಎಂದು ಬರೆ.

ನಿನ್ನ ಅಪ್ಪ,
ತಿಮ್ಮಣ್ಣ


ಬಾಲಕಿಯರ ಹಾಸ್ಟೆಲು, ಯಾದಗಿರಿ
೮-೯-೧೯೯೬

ಅಪ್ಪನಿಗೆ ದೇವಕಮ್ಮನ ನಮಸ್ಕಾರ.

ಪಂಚಮಿಗೆ ನಮಗೆ ರಜೆ ಇತ್ತು. ನಾನೇ ಬರಲಿಲ್ಲ. ಸುಳ್ಳು ಬರೆಯಬಾರದು ಎಂದು ಬರೆದೆ.

ಆಟದ ಹೆಸರು ಹಾಕಿ. ನಮ್ಮ ನಜೀಮಾ ಟೀಚರ್ ಕಲಿಸುತ್ತಾರೆ. ಅವರು ದೊಡ್ಡ ದನಿಯವರು. ಅವರು ಮೈದಾನದಲ್ಲಿ ಕೂಗಿದರೆ ರೈಲು ಸ್ಟೇಷನ್ನಿನಲ್ಲಿ ಹಮಾಲರು ತಿರುಗಿ ನೋಡುತ್ತಾರೆ ಎಂದು ಖಾಜಾಬೀ ಅನ್ನುತ್ತಾಳೆ. ಖಾಜಾಬೀ ನನ್ನ ಪಕ್ಕದ ಹಾಸಿಗೆಯವಳು, ನಮ್ಮ ಗೋಲ್ ಕಾಯುವವಳು.

ಅಪ್ಪ, ಈ ಆಟದಲ್ಲಿ ಎಡಗೈ ದೊಡ್ಡದು. ಸ್ಟಿಕ್ಕಿನ ಮೇಲಿನ ತುದಿಯನ್ನು ಎಡಗೈ ಹಿಡಿಯುತ್ತದೆ, ತಿರುವುವುದು, ಹೊರಳಿಸುವುದು ಎಲ್ಲ ಅದೇ. ಬಲಗೈ ಕೆಳಗೆ ಆಸರೆಗೆ ಇರುತ್ತದೆ ಅಷ್ಟೇ. ಬೇರೆ ಹುಡುಗಿಯರಿಗೆ ಎಡಗೈ ಏಳುವುದಿಲ್ಲ. ಅದಕ್ಕೆ ಟೀಚರ್ ಒಂದು ದಿನ ಜಡೆಯ ರಿಬ್ಬನ್ನುಗಳನ್ನು ತಂದು, "ಬಲಗೈ ಬೆನ್ನ ಹಿಂದ ಇಟ್ಕೋರಿ. ಇವತ್ತು ಕಟ್ಟಿ ಆಡಸ್ತೀನಿ, ಅಂದ್ರ ಎಡಗೈ ತಾನs ಏಳ್ತದ" ಎಂದು ಒಬ್ಬೊಬ್ಬರ ಕೈ ಕಟ್ಟುತ್ತ ಬಂದರು. ನನ್ನ ಹತ್ತಿರ ಬಂದಾಗ ನಾನು ಸ್ಟಿಕ್ಕು ಒಗೆದು ಓಡಿದೆ. ನೀರಿನ ಟಾಕಿಯ ಹಿಂದೆ ಹೋಗಿ ಕುಳಿತೆ.

ಟೀಚರ್ ಬೈಯಲಿಲ್ಲ. ಪಕ್ಕದಲ್ಲಿ ಬಂದು ಕುಳಿತು, "ಯಾರು ಕಟ್ಟತಿದ್ರು?" ಅಂತ ಕೇಳಿದರು. ನಾನು ಹೇಳಿದೆ. ನಾನು ಎಡಚಿ ಎಂದು ಉಣ್ಣುವಾಗ ಬರೆಯುವಾಗ ಅವ್ವ ಹಳೆಯ ಸೀರೆಯ ಅಂಚಿನಿಂದ ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು, ಮೂರು ವರ್ಷ ಕಟ್ಟಿದಳು ಅಂತ. ಕಟ್ಟಿದ ಕೈಯಲ್ಲೇ ಓಡಿ ಕಾಲುವೆಯ ಮೆಟ್ಟಿಲ ಮೇಲೆ ಬಿದ್ದೆ, ಊರುವುದಕ್ಕೆ ಕೈ ಸಿಗಲಿಲ್ಲ, ಅದಕ್ಕೇ ಈ ಹಲ್ಲು ಅರ್ಧ ಇದೆ ಅಂತ. ಅಪ್ಪ ಗೇಟಿನಿಂದ ಬಂದ ಮೇಲೆ ಅಪ್ಪನೇ ಗಂಟು ಬಿಚ್ಚುತ್ತಿದ್ದ ಅಂತಲೂ ಹೇಳಿದೆ. ನಾನು ದಿನಾ ನಿನ್ನ ಸೈಕಲ್ಲಿನ ಸಪ್ಪಳ ಕೇಳುತ್ತ ಕುಳಿತಿರುತ್ತಿದ್ದೆ.

ಟೀಚರ್ ರಿಬ್ಬನ್ನು ಕಿಸೆಯಲ್ಲಿ ಇಟ್ಟುಕೊಂಡರು. "ನಿನಗ ಬ್ಯಾಡ. ಸುಮ್ನ ಹಿಂದ ಇಟ್ಕೋ, ಸಾಕು" ಅಂದರು. ಆ ದಿನ ನಾನು ಒಂದು ಕೈಯಲ್ಲಿ ಚೆಂಡನ್ನು ಮೈದಾನದ ಆ ತುದಿಯಿಂದ ಈ ತುದಿಗೆ ಒಯ್ದೆ. ಮರುದಿನ ಎಡಗೈ ಹಿಂದೆ ಇಟ್ಟು ಬಲಗೈಯಲ್ಲಿ ಒಯ್ಯಿರಿ ಅಂದರು. ಅದನ್ನೂ ಒಯ್ದೆ. "ಎರಡೂ ಕೈ ಓಡ್ತಾವಲ್ಲs ನಿನ್ನವು" ಅಂದರು. ಖುಷಿ ಆಯಿತು, ಅಳುವೂ ಬಂತು.

ಅವ್ವನ ವರ್ಷದ ದಿನಕ್ಕೆ ಬಾ ಅಂದೆ. ನಾನು ಬರುವುದಿಲ್ಲ. ನಿನ್ನನ್ನು ನೋಡುವುದಕ್ಕೆ ಬೇರೆ ಯಾವಾಗಲಾದರೂ ಬರುತ್ತೇನೆ.

ನಿನ್ನ ಮಗಳು,
ದೇವಕಮ್ಮ


ಕಾಲುವೆ ಕ್ಯಾಂಪು
೨೯-೯-೧೯೯೬

ದೇವಕಮ್ಮಳಿಗೆ ಅಪ್ಪ ಬರೆಯುವುದು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಟೀಚರ್ ಹೊಗಳಿದ್ದು ಓದಿ ಸಂತೋಷ ಆಯಿತು. ಸಂಗಣ್ಣನಿಗೂ ಓದಿ ಹೇಳಿದೆ. ಆಟದ ಸುದ್ದಿ ಇರುವ ಸಾಲುಗಳನ್ನು ಮಾತ್ರ ಓದಿದೆ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಬೇರೆ ಹುಡುಗಿಯರಿಗೆ ಒಂದೇ ಕೈ ಬರುತ್ತದೆ, ನಿನಗೆ ಎರಡೂ ಬರುತ್ತವೆ. ಅದು ಎಲ್ಲಿಂದ ಬಂತು ಎಂದು ಒಮ್ಮೆ ಯೋಚನೆ ಮಾಡು. ಚಿಕ್ಕಂದಿನಲ್ಲಿ ಆದದ್ದು ಈಗ ಉಪಯೋಗಕ್ಕೆ ಬಂತಲ್ಲ. ಕೆಟ್ಟದ್ದರಲ್ಲಿಯೂ ಒಂದು ಒಳ್ಳೆಯದು ಇರುತ್ತದೆ ಎಂದು ತಿಳಿದು ಅವ್ವನ ಮೇಲಿನ ಸಿಟ್ಟು ಬಿಡು. ವರ್ಷದ ದಿನಕ್ಕೆ ಬಾ.

ನಿನ್ನ ಅಪ್ಪ,
ತಿಮ್ಮಣ್ಣ


ಕಾಲುವೆ ಕ್ಯಾಂಪು
೧೭-೧೧-೧೯೯೬

ದೇವಕಮ್ಮಳಿಗೆ,

ಏಳು ವಾರ ಆಯಿತು, ನಿನ್ನ ಪತ್ರ ಇಲ್ಲ. ದೀಪಾವಳಿಗೂ ಬರಲಿಲ್ಲ. ಹೋದ ಪತ್ರದಲ್ಲಿ ನಾನು ಬರೆದದ್ದು ತಪ್ಪು. ಅದನ್ನು ಡಬ್ಬಿಗೆ ಹಾಕಿದ ಮೇಲೆ ತಿಳಿಯಿತು. ಪೋಸ್ಟ್‌ಮನ್ನನಿಗೆ ತಿರುಗಿ ಕೊಡು ಎಂದು ಕೇಳಿದೆ, ಅವನು ಕೊಡುವುದಿಲ್ಲ ಅಂದ.

ಲಾಡ್ಲೇಸಾಬನ ಬಸ್ಸಿನಲ್ಲಿ ಒಂದು ಸಾಮಾನು ಕಳಿಸಿದ್ದೇನೆ. ಗೋಣಿತಾಟಿನಲ್ಲಿ ಸುತ್ತಿದೆ. ಸುರಪುರದ ಬಡಿಗ ಜಲಾಲುದ್ದೀನನ ಹತ್ತಿರ ಮಾಡಿಸಿದೆ. ಅವನು ಕೂರಿಗೆ, ಬಂಡಿ ಮಾಡುವವನು, ಇಂಥದ್ದು ಮಾಡಿರಲಿಲ್ಲ. ಶಾಲೆಯ ಹುಡುಗನೊಬ್ಬನ ಸ್ಟಿಕ್ಕು ತಂದು ತೋರಿಸಿದೆ. ಅದರಲ್ಲಿ ಚಪ್ಪಟೆ ಭಾಗ ಒಂದೇ ಮಗ್ಗುಲಿಗೆ ಇತ್ತು. "ಇದು ಬಲಗೈಯವರ ಕೋಲು. ನನ್ನ ಮಗಳು ಎಡಚಿ, ಅಕಿಗೆ ಇದರ ಉಲ್ಟಾ ಬೇಕು" ಅಂದೆ. ಬಾಗಿದ ಜಾಲಿಯ ಕೊಂಬೆ ಹುಡುಕಿ ಎಂಟು ದಿನ ಕೂತು ಮಾಡಿದ. ಚಪ್ಪಟೆ ಭಾಗ ಆ ಕಡೆಗೆ ಮಾಡಿದ್ದಾನೆ. ಇನ್ನು ನೀನು ಯಾರಿಗೂ ಹೆದರದೆ ನಿನ್ನ ಕೈಯಿಂದಲೇ ಆಡು.

ನಿನ್ನ ಅಪ್ಪ,
ತಿಮ್ಮಣ್ಣ


ಯಾದಗಿರಿ
೧-೧೨-೧೯೯೬

ಅಪ್ಪನಿಗೆ,

ಸ್ಟಿಕ್ಕು ಮುಟ್ಟಿತು. ಅದರ ಕತೆ ಎಲ್ಲ ಬರೆಯುತ್ತೇನೆ.

ಗೋಣಿತಾಟು ಬಿಚ್ಚಿದ ಕೂಡಲೇ ನನಗೆ ಗೊತ್ತಾಯಿತು. ಅಪ್ಪ, ಹಾಕಿಯಲ್ಲಿ ಎಡಗೈಯವರ ಸ್ಟಿಕ್ಕು ಅಂತ ಇಲ್ಲ. ಎಲ್ಲರಿಗೂ ಒಂದೇ ನಮೂನೆ. ಚಪ್ಪಟೆ ಭಾಗ ಎಡಮಗ್ಗುಲಿಗೇ ಇರಬೇಕು, ಇಲ್ಲದಿದ್ದರೆ ಆಡಿಸುವುದಿಲ್ಲ. ಖಾಜಾಬೀ ಅದನ್ನು ಎರಡು ಕೈಯಲ್ಲಿ ಎತ್ತಿ, "ಯಾ ಅಲ್ಲಾ, ಇದು ಸ್ಟಿಕ್ಕೋ ನೊಗಾನೋ? ಇದಕ ಎರಡು ಎತ್ತ ಕಟ್ಟಬೇಕು" ಅಂದಳು. ನಾನು ನಕ್ಕೆ. ಮಂಚದ ಕೆಳಗೆ ಇಟ್ಟೆ.

ಹೋದ ಗುರುವಾರ ಸುರಪುರದಲ್ಲಿ ನಮಗೂ ಅಲ್ಲಿಯ ಹುಡುಗಿಯರಿಗೂ ಪಂದ್ಯ ಇತ್ತು. ಜಾಲಿ ಕೋಲನ್ನೂ ಒಯ್ದಿದ್ದೆ. ಯಾಕೆ ಒಯ್ದೆನೋ ಗೊತ್ತಿಲ್ಲ, ನೀನು ಕಳಿಸಿದ್ದು ಎಂದು. ನೋಡಿದರೆ ಜಲಾಲುದ್ದೀನ ಚಾಚಾ ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು ಕಾಂಪೌಂಡ್ ಗೋಡೆಯ ಮೇಲೆ ಕುಳಿತಿದ್ದಾರೆ. ಅರ್ಧ ಆಟ ಮುಗಿದಾಗ ಕೂಗಿದರು: "ತಿಮ್ಮಣ್ಣನ ಮಗಳs, ನಮ್ಮ ಕೋಲ ಎಲ್ಲದ? ಅದನ್ನ ನೋಡಾಕಂತs ಅಂಗಡಿ ಬಂದ್ ಮಾಡಿ ಬಂದೀನಿ." ಅವರ ಮುಖ ನೋಡಿ ಇಲ್ಲ ಅನ್ನಲಿಕ್ಕೆ ಆಗಲಿಲ್ಲ. ಟೀಚರ್ ಆ ಕಡೆ ಇದ್ದರು. ಸ್ಟಿಕ್ಕು ಬದಲಿಸಿಕೊಂಡು ಒಳಗೆ ಹೋದೆ.

ಒಂದು ಹೊಡೆತ ಹೊಡೆದೆ ಅಷ್ಟೇ. ಅಂಪೈರ್ ಸೀಟಿ ಊದಿದರು. ಕೋಲನ್ನು ತಿರುವಿ ಮುರುವಿ ನೋಡಿ, "ಇದು ನಡ್ಯೂದಿಲ್ಲ" ಎಂದು ಹೊರಗೆ ಇಟ್ಟರು. ಚೆಂಡು ಆ ಕಡೆಯವರಿಗೆ ಕೊಟ್ಟರು. ಚಾಚಾ ಗೋಡೆಯಿಂದ ಇಳಿದು ಬಂದು ಅಂಪೈರರಿಗೆ, "ಯಾಕ್ರಿ ಸಾಹೇಬ್ರ, ಕಟ್ಟಿಗಿ ನಮ್ಮ ಜಾಲೀದು. ಖೋಟಾ ಏನದ ಅದರಾಗ?" ಎಂದು ಜಗಳಕ್ಕೆ ನಿಂತರು. ಎಲ್ಲರೂ ನಕ್ಕರು. ಆ ನಗೆಯಲ್ಲೇ ಸುರಪುರದ ಹುಡುಗಿಯರು ಗೋಲು ಹೊಡೆದರು. ನಾವು ಸೋತೆವು. ಬರುವಾಗ ಬಸ್ಸಿನಲ್ಲಿ ಖಾಜಾಬೀ ಒಬ್ಬಳೇ ನನ್ನ ಪಕ್ಕ ಕುಳಿತಿದ್ದಳು.

ಸೋತದ್ದಕ್ಕೆ ನಾನು ಬರೆಯುತ್ತಿಲ್ಲ. ಬಸ್ಸು ಹತ್ತುವಾಗ ಚಾಚಾ ಬಂದು, "ಮಗಾ, ನಿಮ್ಮಪ್ಪಗ ಬೈಬ್ಯಾಡ. ಕೋಲ ಮಾಡು ಅಂತ ಹೇಳ್ವಾಗ ಆ ಮನಷ್ಯಾ ಅಳಾಕತ್ತಿದ್ದ" ಅಂದರು.

ಯಾಕೆ ಅತ್ತೆ ಅಪ್ಪ? ಒಂದು ಕೋಲಿಗೆ ಯಾರಾದರೂ ಅಳುತ್ತಾರೆಯೇ? ಅವತ್ತಿನಿಂದ ಅದೇ ತಲೆಯಲ್ಲಿ ಇದೆ. ನೀನು ಗಂಟು ಬಿಚ್ಚುತ್ತಿದ್ದೆ, ಹೌದು. ಆದರೆ ಕಟ್ಟಬೇಡ ಎಂದು ಅವ್ವನಿಗೆ ನೀನು ಒಂದು ಸಲವಾದರೂ ಅಂದದ್ದು ನನಗೆ ನೆನಪಿಲ್ಲ. ಎಷ್ಟು ನೆನಪು ಮಾಡಿಕೊಂಡರೂ ಇಲ್ಲ. ಯಾಕೆ ಅನ್ನಲಿಲ್ಲ?

ದೇವಕಮ್ಮ


ಕಾಲುವೆ ಕ್ಯಾಂಪು
೮-೧೨-೧೯೯೬

ದೇವಕಮ್ಮಳಿಗೆ,

ಪತ್ರ ಮುಟ್ಟಿತು. ಉತ್ತರ ಬರೆಯುತ್ತೇನೆ. ಸ್ವಲ್ಪ ತಡ ಆಗುತ್ತದೆ.

ತಿಮ್ಮಣ್ಣ


ಕಾಲುವೆ ಕ್ಯಾಂಪು
೨೨-೧೨-೧೯೯೬

ದೇವಕಮ್ಮಳಿಗೆ ಅಪ್ಪ ಬರೆಯುವುದು.

ನಾಲ್ಕು ಇನ್‌ಲ್ಯಾಂಡು ಪತ್ರ ಹರಿದು ಇದು ಐದನೆಯದು. ಇದನ್ನು ಹರಿಯುವುದಿಲ್ಲ.

ಕಟ್ಟಬೇಡ ಎಂದು ನಾನು ಯಾಕೆ ಅನ್ನಲಿಲ್ಲ ಎಂದರೆ, ಕಟ್ಟು ಅಂದವನು ನಾನು.

ನಿನಗೆ ಆಗ ಐದು ವರ್ಷ. ಸುಂದ್ರಕ್ಕ ಬಂದಿದ್ದಳು. ನೀನು ಎಡಗೈಯಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದೆ. ಅಕ್ಕ ನಿನ್ನನ್ನು ತನ್ನ ಮಗನಿಗೆ ತಂದುಕೊಳ್ಳುವ ಮಾತು ನೀನು ತೊಟ್ಟಿಲಲ್ಲಿ ಇದ್ದಾಗಲೇ ಆಡಿದ್ದಳು. ಆ ದಿನ ನನ್ನನ್ನು ಹೊರಗೆ ಕರೆದು, "ತಮ್ಮಾ, ಎಡಚಿನ್ನ ನಾ ಮನಿ ತುಂಬಿಸಿಕೊಳ್ಳಾಂಗಿಲ್ಲ. ಎಡಗೈಲೆ ಬಡಿಸಿದ್ರ ನಮ್ಮ ಮನ್ಯಾಗ ಯಾರ ಉಣ್ತಾರ?" ಅಂದಳು. ನಾನು ಅಕ್ಕನ ಕೈಯಲ್ಲಿ ಬೆಳೆದವನು. ಅವಳ ಮಾತಿಗೆ ಎದುರಾಡಿ ನನಗೆ ಗೊತ್ತಿಲ್ಲ. ಒಳಗೆ ಬಂದು ನಿನ್ನ ಅವ್ವನಿಗೆ, "ಇವತ್ತಿನಿಂದ ಅಕಿ ಎಡಗೈ ಕಟ್ಟು" ಅಂದೆ.

ನಿನ್ನ ಅವ್ವ ಲಾಲಮ್ಮ ಒಪ್ಪಲಿಲ್ಲ. "ದೇವರು ಕೊಟ್ಟ ಕೈ ಅದ, ಕಳ್ಳತನ ಮಾಡೇದ ಏನು ಕಟ್ಟಾಕ?" ಅಂದಳು. ನಾನು ಮೂರು ದಿನ ಮನೆಯಲ್ಲಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಅವಳು ತನ್ನ ಸೀರೆಯ ಅಂಚು ಹರಿದಳು.

ನಾನು ಬರುವ ತನಕ ಗಂಟು ಬಿಚ್ಚಬಾರದು ಎಂದೂ ಹೇಳಿದ್ದೆ. ಕಟ್ಟಿದ್ದಾಳೋ ಇಲ್ಲವೋ ನೋಡುವುದಕ್ಕೆ. ನಾನು ಬಂದು ಬಿಚ್ಚುತ್ತಿದ್ದೆ, ನೀನು ನನ್ನ ಕುತ್ತಿಗೆಗೆ ಬೀಳುತ್ತಿದ್ದೆ. ಒಲೆಯ ಮುಂದೆ ಅವಳು ಆ ಕಡೆ ಮುಖ ಮಾಡಿ ಕುಳಿತಿರುತ್ತಿದ್ದಳು. ನನಗೆ ಅದು ಕಾಣುತ್ತಿತ್ತು. ಆದರೂ ನೀನು ಕುತ್ತಿಗೆಗೆ ಬೀಳುವುದು ನನಗೆ ಬೇಕಾಗಿತ್ತು.

ಒಂದು ದಿನ ಗೇಟಿನ ಕೀಲಿ ಮರೆತು ಮಧ್ಯಾಹ್ನವೇ ಬಂದೆ. ನೀನು ಶಾಲೆಗೆ ಹೋಗಿದ್ದೆ. ಅವಳು ತನ್ನ ಬಲಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು, ಎಡಗೈಯಲ್ಲಿ ಉಣ್ಣುವುದಕ್ಕೆ ನೋಡುತ್ತಿದ್ದಳು. ಪಲ್ಯ ಮಡಿಲ ತುಂಬ ಚೆಲ್ಲಿತ್ತು. ನಾನು ನಕ್ಕೆ. "ನಗಬ್ಯಾಡ. ಹುಡುಗಿಗೆ ಹೆಂಗ ಆಗ್ತದಂತ ನೋಡಾಕತ್ತೀನಿ. ನೀನೂ ಒಂದಿನ ಕಟಗೊಂಡು ನೋಡು" ಅಂದಳು. ನಾನು ಕೀಲಿ ತಗೊಂಡು ಹೋದೆ.

ನಿನ್ನ ಹಲ್ಲು ಮುರಿದ ದಿನ ಅವಳು ಆ ಅಂಚನ್ನು ಕಾಲುವೆಗೆ ಒಗೆದಳು. ಇನ್ನು ಕಟ್ಟುವುದಿಲ್ಲ, ಬೇಕಾದರೆ ನನ್ನನ್ನು ತವರಿಗೆ ಕಳಿಸು ಅಂದಳು. ಅಲ್ಲಿಗೆ ಮುಗಿಯಿತು. ಆದರೆ ಅಷ್ಟರಲ್ಲಿ ನಿನ್ನ ಬಲಗೈ ರೂಢಿಯಾಗಿತ್ತು, ಅವಳ ಮೇಲೆ ನಿನ್ನ ಸಿಟ್ಟೂ ಬಲಿತಿತ್ತು. ಅವಳು ಒಂದು ದಿನವೂ ನಿನಗೆ ನನ್ನ ಹೆಸರು ಹೇಳಲಿಲ್ಲ.

ಕಾಮಾಲೆ ಏರಿ ಮಲಗಿದಾಗ ಒಂದೇ ಮಾತು ಕೇಳಿದಳು. "ಅಕಿ ನನ್ನ ಮಾರಿ ನೋಡವಲ್ಲಳು. ನೀ ಹೇಳು ಅಕಿಗೆ." ನಾನು ಹೂಂ ಅಂದೆ. ನೀನು ಬಾಗಿಲಲ್ಲೇ ನಿಂತಿದ್ದೆ. ಆದರೂ ನಾನು ಹೇಳಲಿಲ್ಲ. ಹೇಳಿದರೆ ನನಗೆ ಇಬ್ಬರೂ ಉಳಿಯುವುದಿಲ್ಲ ಅನ್ನಿಸಿತು.

ಮೊನ್ನೆ ಬಲಗೈ ಕಟ್ಟಿಕೊಂಡು ಊಟಕ್ಕೆ ಕುಳಿತೆ. ಅರ್ಧ ರೊಟ್ಟಿ ಮುಗಿಯಲಿಲ್ಲ. ಇದನ್ನು ದೊಡ್ಡಸ್ತಿಕೆಗೆ ಬರೆದದ್ದಲ್ಲ. ಅವಳು ಹೇಳಿ ಎಂಟು ವರ್ಷ ಆದ ಮೇಲೆ ಮಾಡಿದೆ, ಅಷ್ಟೇ.

ಆ ಕೋಲು ಯಾಕೆ ಮಾಡಿಸಿದೆ ಎಂದು ಈಗ ನಿನಗೆ ಗೊತ್ತಾಯಿತು. ಅದರಿಂದಲೂ ನಿನಗೇ ಪೆಟ್ಟಾಯಿತು.

ವರ್ಷದ ದಿನಕ್ಕೆ ಬಾ ಎಂದು ಕೇಳುವ ಬಾಯಿ ನನಗೆ ಇಲ್ಲ. ಸಿಟ್ಟು ನನ್ನ ಮೇಲೆ ಇರಲಿ. ಅವಳ ಮೇಲೆ ಬೇಡ.

ತಿಮ್ಮಣ್ಣ


ಕಾಲುವೆ ಕ್ಯಾಂಪು
೨-೩-೧೯೯೭

ದೇವಕಮ್ಮಳಿಗೆ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ಈ ತಿಂಗಳ ಕೊನೆಗೆ ಕಾಲುವೆ ಬಂದ್ ಮಾಡುತ್ತಾರೆ. ಶೇಂಗಾ ಕೀಳುವುದು ನಡೆದಿದೆ. ನೀನು ಆರಾಮ ಇದ್ದೀ, ಪರೀಕ್ಷೆಗೆ ಓದುತ್ತಿದ್ದೀ ಎಂದು ಲಾಡ್ಲೇಸಾಬ ಹೇಳಿದ. ಅಷ್ಟು ಸಾಕು.

ತಿಮ್ಮಣ್ಣ


ಯಾದಗಿರಿ
೩೦-೩-೧೯೯೭

ಅಪ್ಪನಿಗೆ,

ನಿನ್ನ ಪತ್ರ ಬಂದ ಮೇಲೆ ನನಗೆ ಆಡಲಿಕ್ಕೆ ಆಗಲಿಲ್ಲ. ಚೆಂಡು ಕಾಲಿನ ಹತ್ತಿರ ಬಂದರೂ ಯಾವ ಕೈ ಮುಂದೆ ಮಾಡಲಿ ಎಂದು ತಿಳಿಯದೆ ನಿಂತುಬಿಡುತ್ತಿದ್ದೆ. ಟೀಚರ್ ನನ್ನನ್ನು ಹೊರಗೆ ಕೂರಿಸಿದರು. "ಏನಾಗ್ಯದ ಹೇಳು" ಎಂದು ನಾಲ್ಕು ಸಲ ಕೇಳಿದರು. ಮೊದಲು ಅವ್ವನ ವಿಷಯ ಕೇಳಿದಾಗ ಒಂದೇ ಮಾತಿಗೆ ಎಲ್ಲ ಹೇಳಿದ್ದೆ. ಈ ಸಲ ಬಾಯಿ ಬರಲಿಲ್ಲ. ಅಪ್ಪನ ಹೆಸರು ಕೆಡುತ್ತದೆ ಎಂದು ಸುಮ್ಮನಾದೆ.

ಆಮೇಲೆ ಒಂದು ದಿನ ಸ್ನಾನ ಮಾಡುವಾಗ ಹೊಳೆಯಿತು. ಅವ್ವನೂ ಇದನ್ನೇ ಮಾಡಿದಳು. ಎಂಟು ವರ್ಷ ಮಾಡಿದಳು. ನನಗೆ ಮೂರು ತಿಂಗಳಿಗೇ ಎದೆ ಒಡೆಯುವ ಹಾಗಾಯಿತು. ಆವತ್ತು ಅತ್ತೆ. ಅವಳು ಹೋದ ದಿನ ಅಳದಿದ್ದದ್ದೂ ಸೇರಿ ಅತ್ತೆ. ಖಾಜಾಬೀ ಹೊರಗೆ ಬಾಗಿಲು ಬಡಿಯುತ್ತ, "ನೀರ ಖಾಲಿ ಆಗ್ತದ, ಹೊರಗ ಬಂದು ಅಳಬಾರ್ದೇನ?" ಅಂದಳು. ಹೊರಗೆ ಬಂದು ಅವಳಿಗೆ ಎಲ್ಲ ಹೇಳಿದೆ. ಮರುದಿನ ಟೀಚರಿಗೂ ಹೇಳಿದೆ. ನಿನ್ನ ಹೆಸರು ಹೇಳಿಯೇ ಹೇಳಿದೆ.

ಟೀಚರ್ ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ, "ಕೈ ಎರಡೂ ನಿನ್ನವs ಅದಾವ. ಯಾರೂ ಕೊಟ್ಟಿಲ್ಲ, ಯಾರೂ ಕಸಗೊಂಡಿಲ್ಲ. ನಡಿ, ಸ್ಟಿಕ್ ತಗೋ" ಅಂದರು. ಈಗ ಮತ್ತೆ ಆಡುತ್ತಿದ್ದೇನೆ.

ನಿನ್ನ ಮೇಲೆ ಸಿಟ್ಟು ಇದೆ. ಎಷ್ಟು ದಿನ ಇರುತ್ತದೆ ಎಂದು ಗೊತ್ತಿಲ್ಲ. ನೀನು ಬಿಚ್ಚುತ್ತಿದ್ದದ್ದು ನೆನಪಾದರೆ ಹೆಚ್ಚಿಗೆ ಬರುತ್ತದೆ.

ಆದರೆ ವರ್ಷದ ದಿನಕ್ಕೆ ಬರುತ್ತೇನೆ. ನಿನ್ನ ಸಲುವಾಗಿ ಅಲ್ಲ. ಅಡುಗೆ ನಾನೇ ಮಾಡುತ್ತೇನೆ. ಎಡೆಗೂ ಪಂಕ್ತಿಗೂ ನಾನೇ ಬಡಿಸುತ್ತೇನೆ, ಎಡಗೈಯಿಂದ ಬಡಿಸುತ್ತೇನೆ. ಅಲ್ಲಿ ಸುಂದ್ರಮ್ಮತ್ತೆ ಇರುತ್ತಾಳೆ, ಏನಾದರೂ ಅಂದೇ ಅನ್ನುತ್ತಾಳೆ. ಆಗ ನಾನು ಉತ್ತರ ಕೊಡುವುದಿಲ್ಲ. ಕೊಡಬೇಕಾದವನು ನೀನು. ನನಗೆ ಬರೆದದ್ದನ್ನು ಎಲ್ಲರ ಮುಂದೆ ಬಾಯಿಂದ ಹೇಳಬೇಕು, ಅವ್ವ ಯಾಕೆ ಕಟ್ಟಿದಳು ಎಂದು. ನೀನು ತಲೆ ತಗ್ಗಿಸಿ ಕುಳಿತರೆ ನಾನು ಎಡೆ ಇಟ್ಟು ಅದೇ ದಿನದ ಬಸ್ಸಿಗೆ ತಿರುಗಿ ಬರುತ್ತೇನೆ. ಮತ್ತೆ ಬರುವುದಿಲ್ಲ.

ದೇವಕಮ್ಮ


ಕಾಲುವೆ ಕ್ಯಾಂಪು
೫-೪-೧೯೯೭

ದೇವಕಮ್ಮಳಿಗೆ ಅಪ್ಪ ಬರೆಯುವುದು.

ಆ ದಿನದ ತನಕ ಕಾದರೆ ನನ್ನ ನಾಲಿಗೆ ಏಳುತ್ತದೆ ಎಂದು ನನಗೇ ನಂಬಿಕೆ ಇರಲಿಲ್ಲ. ಅದಕ್ಕೆ ನಿನ್ನೆ ಸುರಪುರಕ್ಕೆ ಹೋದೆ. ಅಕ್ಕನ ಮನೆಯಲ್ಲಿ ಎಲ್ಲರೂ ಇದ್ದರು. ಅವರ ಮುಂದೆ ನಿಂತುಕೊಂಡೇ ಹೇಳಿದೆ. ಅಕ್ಕ ಅಂದದ್ದು, ನಾನು ಲಾಲಮ್ಮನಿಗೆ ಅಂದದ್ದು, ಮೂರು ದಿನ ಉಣ್ಣದೆ ಇದ್ದದ್ದು, ಎಲ್ಲ. ನೀನು ಎಡಗೈಯಿಂದ ಬಡಿಸುತ್ತೀ ಎಂಬುದನ್ನೂ ಹೇಳಿದೆ.

ಅಕ್ಕ, "ಸತ್ತಾಕಿ ಸಲುವಾಗಿ ಇದ್ದಾಕಿನ್ನ ಬಿಡ್ತಿಯೇನೋ ತಮ್ಮಾ?" ಅಂದಳು. "ಇದ್ದಾಕಿ ನನ್ನ ಮಗಳದಾಳಕ್ಕಾ" ಅಂದೆ. ನೀರು ಕುಡಿ ಎಂದು ಕೂಡ ಅನ್ನಲಿಲ್ಲ. ಅವಳು ಎಡೆಗೆ ಬರುವುದಿಲ್ಲ. ಆ ಮನೆಯವರು ಯಾರೂ ಬರುವುದಿಲ್ಲ. ನಿನ್ನನ್ನು ಆ ಮನೆಗೆ ಕೊಡುವ ಮಾತೂ ನಿನ್ನೆಗೆ ಮುಗಿಯಿತು.

ಇನ್ನು ನಾವಿಬ್ಬರೇ. ಕಾಲುವೆ ಬಂದ್ ಆಗಿದೆ, ನನಗೆ ಗೇಟಿನ ಕೆಲಸ ಇಲ್ಲ, ಕಾಳು ಹಸನು ಮಾಡಿ ಇಡುತ್ತೇನೆ. ಮುಂಜಾನೆಯ ಮೊದಲ ಬಸ್ಸಿಗೆ ಬಾ. ಲಾಲಮ್ಮನನ್ನು ಇನ್ನೂ ಕಾಯಿಸುವುದು ಬೇಡ.

ತಿಮ್ಮಣ್ಣ